ಬಿಸಿಲಲ್ಲಿ ಹುಲಿ, ಕತ್ತಲಲ್ಲಿ ಇಲಿ

ಎಲ್ಲರಂತಲ್ಲದ ಪುಟ್ಟ ಡಿಜಿಟಲ್ ಕ್ಯಾಮೆರಾ ಮನೆಗೆ ಬಂದರೆ ಲಾಭವೇನು, ನಷ್ಟವೇನು? ಸಿಗ್ಮಾ ಡಿಪಿ ಎಂಬ ವಿಚಿತ್ರ ಕ್ಯಾಮೆರಾದ ಕಥೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲಕರಿಗೂ ಪಾಠಗಳಿವೆ.

‘ಕೈಯಲ್ಲಿ ಫೋನ್ ಇರುವಾಗ ಬೇರೆ ಕ್ಯಾಮೆರಾ ಯಾಕೆ?’ ತಂದೆ ತಾಯಿಯರ ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಇಂದಿನ ಸಾಧಾರಣ ಫೋನು ಕೂಡ ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು, ಅವನ್ನೆಲ್ಲ ಒಂದುಗೂಡಿಸಿ, ಕತ್ತಲನ್ನು ತಿದ್ದಿ, ಮುಖಗಳನ್ನು ಗುರುತಿಸಿ ನೋಡುವಂಥ ಫೋಟೊ ಕೊಟ್ಟುಬಿಡುತ್ತದೆ. ಆದರೂ ಈಚಿನ ಕೆಲವು ವರ್ಷಗಳಿಂದ ಕಾಲೇಜಿನ ಹುಡುಗ ಹುಡುಗಿಯರು ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಹುಡುಕಿಕೊಂಡು ಹೊರಟಿದ್ದಾರೆ. ಅಟ್ಟದ ಮೇಲೆ ಹಳೇ ಚಾರ್ಜರುಗಳ ಜೊತೆ ಮಲಗಿದ್ದ ಕ್ಯಾಮೆರಾಗಳು ಮತ್ತೆ ಕೆಳಗಿಳಿದಿವೆ. ಮನೆಯಲ್ಲಿ ಇಲ್ಲದವರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊಳ್ಳುತ್ತಿದ್ದಾರೆ.

ಹೀಗೆ ಹುಡುಕಲು ಹೋದವರ ಕಣ್ಣಿಗೆ ಕೆಲವು ತೀರಾ ವಿಚಿತ್ರ ಕ್ಯಾಮೆರಾಗಳೂ ಬೀಳುತ್ತವೆ. 1995ರಲ್ಲಿ ಬಂದ ಕ್ಯಾಸಿಯೊ ಕ್ಯುವಿ-10 ತನ್ನ ಲೆನ್ಸನ್ನು ಕತ್ತಿನಂತೆ ತಿರುಗಿಸುತ್ತಿತ್ತು. 1997ರ ಸೋನಿ ಮಾವಿಕಾ ಹೊಟ್ಟೆಯೊಳಗೆ ಕಂಪ್ಯೂಟರಿನ ಫ್ಲಾಪಿ ನುಂಗುತ್ತಿತ್ತು. 2012ರ ಲೈಟ್ರೊ ನೋಡಲು ಒಂದು ಚೌಕದ ಕೊಳವೆಯಂತಿತ್ತು. ಇವೆಲ್ಲವುಗಳ ನಡುವೆ ಹೊರಗಿನಿಂದ ಸಾಮಾನ್ಯವಾಗಿ ಕಂಡರೂ ಒಳಗಿನಿಂದ ಪೂರ್ತಿ ಬೇರೆಯೇ ಆದ ಒಂದು ಕ್ಯಾಮೆರಾ ಇದೆ. ಅದೇ ಜಪಾನಿನ ಸಿಗ್ಮಾ ಕಂಪನಿಯ ಡಿಪಿ ಸರಣಿ. ಹೊಗಳುವವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಬೈಯುವವರು ಒಂದೇ ವಾರದಲ್ಲಿ ಮಾರಿ ಕೈತೊಳೆದುಕೊಳ್ಳುತ್ತಾರೆ. ಸೋಜಿಗವೆಂದರೆ ಇಬ್ಬರ ಮಾತೂ ನಿಜ. ಅದು ಹೇಗೆಂದು ತಿಳಿದುಕೊಂಡರೆ ಯಾವುದೇ ವಿಚಿತ್ರ ಕ್ಯಾಮೆರಾ ಕೊಳ್ಳುವ ಮುನ್ನ ಏನು ಕೇಳಬೇಕೆಂಬುದೂ ತಿಳಿಯುತ್ತದೆ.

ಬಣ್ಣ ಅರಿಯದ ಸಿಲಿಕಾನ್

ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಕೂತಿರುವುದು ಸಿಲಿಕಾನಿನ ಒಂದು ಬಿಲ್ಲೆ. ಅದಕ್ಕೆ ಸೆನ್ಸರ್ ಎನ್ನುತ್ತೇವೆ. ಅದರ ಮೇಲೆ ಲಕ್ಷಾಂತರ ಪುಟ್ಟ ಚೌಕಗಳಿವೆ. ಒಂದೊಂದು ಚೌಕವೂ ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಎಂದು ಎಣಿಸುತ್ತದೆ. ಆದರೆ ಯಾವ ಬಣ್ಣದ ಬೆಳಕು ಎಂದು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಮಲ್ಲಿಗೆಯೂ ಅದಕ್ಕೆ ಬೂದಿ ಬಣ್ಣ, ದಾಸವಾಳವೂ ಬೂದಿ ಬಣ್ಣ.

ಈ ತೊಡಕಿಗೆ ಅಮೆರಿಕದ ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಸುಲಭದ ಉಪಾಯ ಕಂಡುಹಿಡಿದರು. 1976ರಲ್ಲಿ ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ಚೌಕಗಳ ಮೇಲೆ ಬಣ್ಣದ ಗಾಜಿನಂಥ ತೆಳು ಸೋಸುಕಗಳನ್ನು ಇಡುವುದೇ ಆ ಉಪಾಯ. ನಾಲ್ಕು ಚೌಕಗಳಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುವುದರಿಂದ ಅದಕ್ಕೆ ಎರಡು ಪಾಲು. ಹೀಗೆ ಪ್ರತಿಯೊಂದು ಚೌಕಕ್ಕೂ ಒಂದೇ ಬಣ್ಣ ನಿಜವಾಗಿ ತಿಳಿಯುತ್ತದೆ. ಉಳಿದ ಎರಡನ್ನು ಕ್ಯಾಮೆರಾ ಅಕ್ಕಪಕ್ಕದ ಚೌಕಗಳನ್ನು ವಿಚಾರಿಸಿ ಲೆಕ್ಕ ಹಾಕಿ ತುಂಬಿಸುತ್ತದೆ. ನಿಮ್ಮ ಫೋನಿನ ಚಿತ್ರದಲ್ಲಿ ಬಣ್ಣದ ಮೂರರಲ್ಲಿ ಎರಡು ಪಾಲು ಅಳೆದದ್ದಲ್ಲ, ಊಹಿಸಿದ್ದು!

ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ತಪ್ಪುವುದು ತೀರಾ ಸಣ್ಣ ಸಣ್ಣ ಗೆರೆಗಳು ಒತ್ತೊತ್ತಾಗಿ ಇರುವಲ್ಲಿ. ಇಳಕಲ್ ಸೀರೆಯ ನೇಯ್ಗೆಯನ್ನೋ ಸಣ್ಣ ಕಣ್ಣಿನ ಜಾಲರಿಯನ್ನೋ ತೆಗೆದಾಗ ಕೆಲವೊಮ್ಮೆ ಅಲ್ಲಿ ಇಲ್ಲದ ಬಣ್ಣದ ಅಲೆಗಳು ಚಿತ್ರದಲ್ಲಿ ಮೂಡುವುದನ್ನು ನೀವು ನೋಡಿರಬಹುದು. ಅದು ಈ ಊಹೆಯ ಎಡವಟ್ಟು.

ಮೂರು ಮಹಡಿಯ ಮನೆ

1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೊವಿಯಾನ್ ಎಂಬ ಕಂಪನಿ ಹುಟ್ಟಿತು. ಕಂಪ್ಯೂಟರ್ ಚಿಪ್‌ಗಳ ವಿನ್ಯಾಸದಲ್ಲಿ ದೊಡ್ಡ ಹೆಸರಾದ ಪ್ರಾಧ್ಯಾಪಕ ಕಾರ್ವರ್ ಮೀಡ್ ಅದರ ಸ್ಥಾಪಕರು. ನಮ್ಮ ಕಣ್ಣಿನ ಅಕ್ಷಿಪಟಲದ ನಡುವೆ ಅತ್ಯಂತ ಸ್ಪಷ್ಟವಾಗಿ ಕಾಣಿಸುವ ಒಂದು ಪುಟ್ಟ ಕುಳಿ ಇದೆ. ಅದರ ಹೆಸರು ಫೋವಿಯಾ. ಕಂಪನಿಯ ಹೆಸರು ಬಂದದ್ದು ಅಲ್ಲಿಂದ.

ಅಲ್ಲಿದ್ದ ರಿಚರ್ಡ್ ಮೆರಿಲ್ ಎಂಬ ಎಂಜಿನಿಯರ್ ಬಣ್ಣದ ಗಾಜುಗಳನ್ನೇ ತೆಗೆದುಹಾಕಿದರು. ಸಿಲಿಕಾನಿಗೆ ಒಂದು ಗುಣವಿದೆ. ನೀಲಿ ಬೆಳಕು ಅದರ ಮೇಲ್ಭಾಗದಲ್ಲೇ ಹೀರಿಹೋಗುತ್ತದೆ. ಹಸಿರು ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಕೆಂಪು ಇನ್ನೂ ಆಳಕ್ಕೆ ಹೋಗುತ್ತದೆ. ಈ ಆಳವೆಲ್ಲ ಸೇರಿದರೂ ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲೂ ಆಗದು. ಅಷ್ಟರೊಳಗೇ ಮೂರು ಮಹಡಿ ಕಟ್ಟಿದರೆ? ಮೇಲಿನದು ನೀಲಿಯನ್ನು, ನಡುವಿನದು ಹಸಿರನ್ನು, ಕೆಳಗಿನದು ಕೆಂಪನ್ನು ಹಿಡಿಯುತ್ತದೆ. ಒಂದೇ ಜಾಗದಲ್ಲಿ ಮೂರೂ ಬಣ್ಣ. ಅಕ್ಕಪಕ್ಕದವರನ್ನು ಕೇಳುವ ಗೋಜೇ ಇಲ್ಲ.

ಈ ಸೆನ್ಸರನ್ನು ಮೊದಲು ಕ್ಯಾಮೆರಾದಲ್ಲಿ ಕೂರಿಸಿದ್ದು ಸಿಗ್ಮಾ. 1961ರಲ್ಲಿ ಆರಂಭವಾಗಿ ಲೆನ್ಸ್ ತಯಾರಿಕೆಯಲ್ಲಿ ಹೆಸರಾದ ಈ ಕಂಪನಿ 2002ರಲ್ಲಿ ಎಸ್‌ಡಿ9 ಎಂಬ ದೊಡ್ಡ ಕ್ಯಾಮೆರಾ ತಂದಿತು. ಅದೇ ಬಗೆಯ ಸೆನ್ಸರನ್ನು ಕೋಟಿನ ಜೇಬಿಗೆ ಹಿಡಿಸುವ ಕ್ಯಾಮೆರಾದೊಳಗೆ ಇಡುತ್ತೇವೆಂದು 2006ರಲ್ಲಿ ಸಾರಿತು. ಡಿಪಿ1 ಹೆಸರಿನ ಆ ಕ್ಯಾಮೆರಾ ಅಂಗಡಿಗೆ ಬಂದದ್ದು 2008ರಲ್ಲಿ. ಅದೇ ವರ್ಷ ಸಿಗ್ಮಾ ಫೊವಿಯಾನ್ ಕಂಪನಿಯನ್ನೇ ಕೊಂಡುಕೊಂಡಿತು. ಅದೇ ವರ್ಷ ರಿಚರ್ಡ್ ಮೆರಿಲ್ ತೀರಿಕೊಂಡರು. 2012ರಲ್ಲಿ ಬಂದ ಸುಧಾರಿತ ಮಾದರಿಗಳಿಗೆ ಸಿಗ್ಮಾ ಅವರ ಹೆಸರಿಟ್ಟಿತು: ಡಿಪಿ1 ಮೆರಿಲ್, ಡಿಪಿ2 ಮೆರಿಲ್. ಕ್ಯಾಮೆರಾ ಮೇಲೆ ಕಂಪನಿಯ ಹೆಸರಿರುವುದು ವಾಡಿಕೆ. ಸೆನ್ಸರ್ ಕಂಡುಹಿಡಿದ ಎಂಜಿನಿಯರನ ಹೆಸರಿರುವುದು ಅಪರೂಪ. 2014ರಲ್ಲಿ ಕ್ವಾಟ್ರೊ ಎಂಬ ಉದ್ದನೆಯ, ಚಪ್ಪಟೆಯಾದ, ಹಿಡಿಕೆ ಹಿಂದಕ್ಕೆ ಚಾಚಿಕೊಂಡ ಮಾದರಿ ಬಂತು. ಆಗ ಹೊರರೂಪವೂ ವಿಚಿತ್ರವಾಯಿತು.

ಹದಿನಾಲ್ಕೋ, ನಾಲ್ಕೂಮುಕ್ಕಾಲೋ?

ಡಿಪಿ1ರ ಡಬ್ಬಿಯ ಮೇಲೆ 14 ಮೆಗಾಪಿಕ್ಸೆಲ್ ಎಂದು ಬರೆದಿತ್ತು. ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿ. ಮನೆಗೆ ತಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ನೋಡಿದರೆ ಅಗಲಕ್ಕೆ 2652, ಎತ್ತರಕ್ಕೆ 1768 ಚುಕ್ಕಿಗಳು. ಗುಣಿಸಿದರೆ ಸುಮಾರು 47 ಲಕ್ಷ. ಅಂದರೆ 4.7 ಮೆಗಾಪಿಕ್ಸೆಲ್ ಮಾತ್ರ. ಉಳಿದದ್ದೆಲ್ಲಿ ಹೋಯಿತು?

ಕಂಪನಿಯ ಲೆಕ್ಕ ಹೀಗೆ: ಒಂದೊಂದು ಜಾಗದಲ್ಲೂ ಮೂರು ಮಹಡಿ ಇರುವುದರಿಂದ ಮೂರರಿಂದ ಗುಣಿಸಬೇಕು. ಆಗ 1 ಕೋಟಿ 40 ಲಕ್ಷ ಆಗುತ್ತದೆ. ಟೀಕಿಸುವವರ ಲೆಕ್ಕ ಬೇರೆ: ಮೂರು ಮಹಡಿಯ ಮನೆಯನ್ನು ಮೂರು ನಿವೇಶನ ಎಂದು ಮಾರಲಾದೀತೆ? ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಅಳತೆಗಳನ್ನು ಎಣಿಸುತ್ತಾರೆ, ಇನ್ನೊಬ್ಬರು ಜಾಗಗಳನ್ನು ಎಣಿಸುತ್ತಾರೆ. ಮೆರಿಲ್ ಮಾದರಿಯ 46 ಮೆಗಾಪಿಕ್ಸೆಲ್ ಕೂಡ ಇಂಥದೇ. ಅಲ್ಲಿ ಜಾಗಗಳ ಲೆಕ್ಕ 1 ಕೋಟಿ 53 ಲಕ್ಷ.

ಪಾಲಕರು ಇಲ್ಲಿ ಒಂದು ಮಾತು ನೆನಪಿಡಬೇಕು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಏನನ್ನು ಎಣಿಸಿದ್ದು ಎಂದು ಕೇಳದೆ ಅದಕ್ಕೆ ಹಣ ಕೊಡಬಾರದು. ಇದು ಈ ಕ್ಯಾಮೆರಾಕ್ಕೆ ಮಾತ್ರ ಹೇಳಿದ್ದಲ್ಲ. ಅಂಗೈ ಅಗಲದ ಫೋನಿನಲ್ಲಿ ನೂರಕ್ಕೂ ಹೆಚ್ಚು ಮೆಗಾಪಿಕ್ಸೆಲ್ ಎಂದು ಜಾಹೀರಾತು ಬಂದಾಗಲೂ ಇದೇ ಪ್ರಶ್ನೆ ಕೇಳಬೇಕು.

ಲಾಭದ ಕಡೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮುಂದೆ ಬೆಳಗಿನ ಬಿಸಿಲಿನಲ್ಲಿ ಇಂಥ ಕ್ಯಾಮೆರಾ ಹಿಡಿದು ನಿಂತರೆ ಏನಾಗುತ್ತದೆ ಎಂದು ಊಹಿಸಿ. ಬಳಪದ ಕಲ್ಲಿನ ಒಂದೊಂದು ಮಣಿಸರ, ಉಳಿಯ ಒಂದೊಂದು ಗೀರು, ಕಲ್ಲಿನ ಮೈಮೇಲಿನ ಒರಟು ಎಲ್ಲವನ್ನೂ ಕೈಯಿಂದ ಮುಟ್ಟಿದಂತೆ ಅದು ಹಿಡಿದುಕೊಡುತ್ತದೆ. ಕಲ್ಲು, ಮರದ ತೊಗಟೆ, ಎಲೆಯ ನರ, ನೇಯ್ದ ಬಟ್ಟೆ, ಹಳೆಯ ಗೋಡೆ - ಇಂಥ ವಸ್ತುಗಳಿಗೆ ಫೊವಿಯಾನ್ ಹೇಳಿ ಮಾಡಿಸಿದ್ದು. ಅಲ್ಲಿ ಊಹೆಯ ಬಣ್ಣದ ಅಲೆಗಳಿಲ್ಲ.

ಇದಕ್ಕೆ ಸೆನ್ಸರಿನ ಗಾತ್ರವೂ ಕಾರಣ. ಆ ಕಾಲದ ಮಾಮೂಲಿ ಜೇಬಿನ ಕ್ಯಾಮೆರಾದ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಡಿಪಿ1ರದು 20.7 ಮಿಲಿಮೀಟರ್ ಅಗಲ, 13.8 ಮಿಲಿಮೀಟರ್ ಎತ್ತರ. ವಿಸ್ತೀರ್ಣದಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಜೊತೆಗೆ ಆ ಸೆನ್ಸರಿಗೆಂದೇ ಅಳತೆ ಮಾಡಿ ಜೋಡಿಸಿದ ಒಂದೇ ಲೆನ್ಸ್. ಅದನ್ನು ಬಿಚ್ಚಲಾಗದು, ಜೂಮ್ ಕೂಡ ಇಲ್ಲ.

ಜೂಮ್ ಇಲ್ಲದಿರುವುದು ಲಾಭವೇ? ಕಲಿಯುವವರಿಗೆ ಹೌದು. ಹತ್ತಿರ ಬೇಕಾದರೆ ಕಾಲಿನಿಂದ ನಡೆದು ಹೋಗಬೇಕು. ಇಡೀ ಗೋಪುರ ಬೇಕಾದರೆ ಹಿಂದೆ ಹಿಂದೆ ಸರಿಯಬೇಕು. ಹಾಗೆ ನಡೆದಾಡುವಾಗಲೇ ಬೆಳಕು ಎಲ್ಲಿಂದ ಬೀಳುತ್ತಿದೆ, ಹಿಂದುಗಡೆ ಏನು ಅಡ್ಡ ಬರುತ್ತಿದೆ ಎಂಬುದು ಕಣ್ಣಿಗೆ ಬೀಳತೊಡಗುತ್ತದೆ.

ಇನ್ನೊಂದು ಲಾಭ ಕೇಳಲು ದೋಷದಂತಿದೆ. ಮೆರಿಲ್ ಕ್ಯಾಮೆರಾದ ಬ್ಯಾಟರಿ ಒಮ್ಮೆ ತುಂಬಿಸಿದರೆ ಬರುವುದು ಸುಮಾರು 97 ಚಿತ್ರಕ್ಕೆ. ಕಂಪನಿಗೇ ಇದು ಗೊತ್ತಿದ್ದು ಡಬ್ಬಿಯಲ್ಲೇ ಎರಡು ಬ್ಯಾಟರಿ ಇಟ್ಟು ಕೊಡುತ್ತಿತ್ತು! ಎರಡೂ ಸೇರಿದರೆ ಫಿಲ್ಮ್ ಕಾಲದ 36 ಚಿತ್ರಗಳ ಐದು ರೋಲು. ಒಂದು ರೋಲನ್ನು ಹಬ್ಬಕ್ಕೂ ಮದುವೆಗೂ ಜಾತ್ರೆಗೂ ಹಂಚಿ ಬಳಸಿದ ಅಪ್ಪ ಅಮ್ಮಂದಿರಿಗೆ ಇದು ಧಾರಾಳ ಎನ್ನಿಸಬಹುದು. ಒಂದೇ ತಿಂಡಿ ತಟ್ಟೆಯನ್ನು ಇಪ್ಪತ್ತು ಸಲ ತೆಗೆಯುವ ಮಕ್ಕಳಿಗೆ ಇದು ಕಡಿವಾಣ. ಒತ್ತುವ ಮೊದಲು ಯೋಚಿಸುವ ಅಭ್ಯಾಸ ಉಪದೇಶದಿಂದ ಬರುವುದಲ್ಲ, ಬ್ಯಾಟರಿ ಮುಗಿದಾಗ ಬರುತ್ತದೆ.

ನಷ್ಟದ ಕಡೆ

ಈಗ ಅದೇ ಹಳೇಬೀಡಿನಲ್ಲಿ ನಾಲ್ಕು ಹೆಜ್ಜೆ ಒಳಗೆ ಹೋಗಿ. ನವರಂಗದ ನಸುಗತ್ತಲಿನಲ್ಲಿ ನುಣುಪಾದ ಕಂಬಗಳು ಮಿನುಗುತ್ತಿವೆ. ಹೊರಗೆ ಹುಲಿಯಂತಿದ್ದ ಕ್ಯಾಮೆರಾ ಇಲ್ಲಿ ಇಲಿಯಾಗುತ್ತದೆ.

ಕಾರಣ ಆ ಮೂರು ಮಹಡಿಗಳಲ್ಲೇ ಇದೆ. ಮಹಡಿಗಳ ನಡುವೆ ಗೋಡೆ ಬಿಗಿಯಾಗಿಲ್ಲ. ಮೇಲಿನ ಮಹಡಿಯಲ್ಲಿ ನೀಲಿಯ ಜೊತೆ ಒಂದಿಷ್ಟು ಹಸಿರು, ಕೆಂಪು ಬೆಳಕೂ ಸಿಕ್ಕಿಬೀಳುತ್ತದೆ. ಬೆರೆತದ್ದನ್ನು ಬೇರ್ಪಡಿಸಲು ಕ್ಯಾಮೆರಾ ಕೂಡಿ ಕಳೆದು ದೊಡ್ಡ ಲೆಕ್ಕ ಮಾಡಬೇಕು. ಬೆಳಕು ಹೇರಳವಾಗಿದ್ದರೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಬೆಳಕು ಕಡಿಮೆಯಾದಾಗ ಅಳತೆಯ ಸಣ್ಣ ಸಣ್ಣ ತಪ್ಪುಗಳೂ ಲೆಕ್ಕದಲ್ಲಿ ದೊಡ್ಡದಾಗಿ, ಚಿತ್ರದ ತುಂಬ ಬಣ್ಣದ ಮರಳು ಚೆಲ್ಲಿದಂತಾಗುತ್ತದೆ. ಬೆಳಕಿಗೆ ಸೆನ್ಸರ್ ಎಷ್ಟು ಚುರುಕಾಗಿರಬೇಕು ಎಂಬುದನ್ನು ಐಎಸ್‌ಒ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಈ ಕ್ಯಾಮೆರಾಗಳು ನಿಜಕ್ಕೂ ಚೆನ್ನಾಗಿರುವುದು 100, 200ರಲ್ಲಿ. ಡಿಪಿ1ರ ಮಿತಿಯೇ 800. ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆಯೂ ಇದರಲ್ಲಿಲ್ಲ. ಒಳಗೆ ತೆಗೆಯಲು ಟ್ರೈಪಾಡ್ ಬೇಕು. ರಕ್ಷಿತ ಸ್ಮಾರಕಗಳಲ್ಲಿ ಅದನ್ನು ಬಳಸಲು ಮುಂಚಿತವಾಗಿ ಅನುಮತಿ ಬೇಕು. ಈ ಕೆಲಸದಲ್ಲಿ ಇಂದಿನ ಫೋನು ಇದನ್ನು ಸಲೀಸಾಗಿ ಸೋಲಿಸುತ್ತದೆ.

ಎರಡನೆಯ ನಷ್ಟ, ನಿಧಾನ. ಮೆರಿಲ್‌ನಲ್ಲಿ ಒಂದು ಚಿತ್ರದ ಪೂರ್ಣ ವಿವರ ಕಾರ್ಡಿಗೆ ಇಳಿಯಲು ಹತ್ತು ಸೆಕೆಂಡಿನಷ್ಟು ಬೇಕು. ಫೋಕಸ್ ಹಿಡಿಯುವುದೂ ಸಾವಕಾಶ. ರಾತ್ರಿಯ ಯಕ್ಷಗಾನದಲ್ಲಿ ವೇಷಧಾರಿ ಗಿರಕಿ ಹೊಡೆಯುವಾಗ, ಕಬಡ್ಡಿ ಅಂಗಳದಲ್ಲಿ ರೈಡರ್ ಹಾರುವಾಗ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ವೇದಿಕೆಯಲ್ಲಿ ಎರಡು ನಿಮಿಷ ಕುಣಿಯುವಾಗ ಈ ಕ್ಯಾಮೆರಾವನ್ನು ನಂಬಿ ಕೂತರೆ ಆ ಕ್ಷಣ ಹೋಯಿತೆಂದೇ ಲೆಕ್ಕ. ಕ್ಷಣ ಮತ್ತೆ ಬರುವುದಿಲ್ಲ.

ಮೂರನೆಯದು, ಇಲ್ಲಗಳ ಪಟ್ಟಿ. ಮೆರಿಲ್‌ನಲ್ಲಿ ಫ್ಲಾಶ್ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯಿಲ್ಲ. ಬಿಸಿಲಿನಲ್ಲಿ ಹಿಂದಿನ ಪರದೆ ಸರಿಯಾಗಿ ಕಾಣದೆ ಅಂಗೈ ಅಡ್ಡ ಹಿಡಿಯಬೇಕು. ಡಿಪಿ2 ಮೆರಿಲ್ 28 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವಿಗೆ ಫೋಕಸ್ ಆಗದು. ಹೀಗಾಗಿ ಇರುವೆಯ ಮೀಸೆ, ಹೂವಿನ ಕೇಸರ ತೆಗೆಯಬೇಕೆನ್ನುವ ಜೀವಶಾಸ್ತ್ರದ ವಿದ್ಯಾರ್ಥಿಗೆ ಅದು ಹಾಗೆಯೇ ಒದಗುವುದಿಲ್ಲ.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. 2008ರಲ್ಲಿ ಫೊವಿಯಾನ್ ಚಿತ್ರಕ್ಕೂ ಉಳಿದ ಜೇಬಿನ ಕ್ಯಾಮೆರಾಗಳ ಚಿತ್ರಕ್ಕೂ ಇದ್ದ ಅಂತರ ಈಗ ಇಲ್ಲ. ಬೇಯರ್ ಪದ್ಧತಿಯ ಸೆನ್ಸರುಗಳಲ್ಲಿ ಚೌಕಗಳು ಹೆಚ್ಚಿದವು, ಊಹೆಯ ಲೆಕ್ಕವೂ ಜಾಣವಾಯಿತು. ಅಂತರ ಬಹಳ ಕಿರಿದಾಗಿದೆ. ಫೊವಿಯಾನ್‌ನ ಇನ್ನೂ ದೊಡ್ಡ ಸೆನ್ಸರ್ ತರುವುದಾಗಿ 2018ರಲ್ಲಿ ಹೇಳಿದ್ದ ಸಿಗ್ಮಾ, 2021ರಲ್ಲಿ ಆ ಕೆಲಸವನ್ನು ಮೊದಲಿನಿಂದ ಶುರುಮಾಡುತ್ತೇವೆಂದು ಪ್ರಕಟಿಸಿತು. ಡಿಪಿ ಸರಣಿಯ ತಯಾರಿಕೆ ನಿಂತುಹೋಗಿದೆ. ಈಗ ಸಿಗುವುದೆಲ್ಲ ಇನ್ನೊಬ್ಬರು ಬಳಸಿದ್ದು.

ಚಿತ್ರ ಉಳಿಯುತ್ತದೆಯೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ. ಈ ಚಿತ್ರಗಳನ್ನು ಇಪ್ಪತ್ತು ವರ್ಷದ ನಂತರ ತೆರೆಯಲು ಆಗುತ್ತದೆಯೆ?

ಫ್ಲಾಪಿ ನುಂಗುತ್ತಿದ್ದ ಸೋನಿ ಮಾವಿಕಾ ನೋಡಿ. ಅದು ಚಿತ್ರಗಳನ್ನು ಬರೆಯುತ್ತಿದ್ದುದು ಎಲ್ಲೆಡೆ ಬಳಕೆಯಲ್ಲಿರುವ ಜೆಪೆಗ್ ರೂಪದಲ್ಲಿ. ಜಪಾನಿನಲ್ಲಿ ಸೋನಿ 2011ರಲ್ಲಿ ಫ್ಲಾಪಿ ಮಾರುವುದನ್ನೇ ನಿಲ್ಲಿಸಿತು. ಆದರೂ ಅಷ್ಟರೊಳಗೆ ಫ್ಲಾಪಿಯಿಂದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡವರು 1997ರ ಚಿತ್ರವನ್ನು ಇಂದಿನ ಫೋನಿನಲ್ಲೂ ನೋಡಬಹುದು. ಪಾತ್ರೆ ವಿಚಿತ್ರ, ಪದಾರ್ಥ ಮಾಮೂಲಿ. ಆದ್ದರಿಂದ ಉಳಿಯಿತು.

ಲೈಟ್ರೊ ಕಥೆ ಇದಕ್ಕೆ ತದ್ವಿರುದ್ಧ. ಚಿತ್ರ ತೆಗೆದಾದ ಮೇಲೆ ಫೋಕಸ್ ಬದಲಿಸಬಹುದೆಂಬುದೇ ಅದರ ಚಮತ್ಕಾರ. ಮುಂದಿನ ಹೂವನ್ನು ಮುಟ್ಟಿದರೆ ಹೂವು ಸ್ಪಷ್ಟ, ಹಿಂದಿನ ಬೆಟ್ಟ ಮುಟ್ಟಿದರೆ ಬೆಟ್ಟ ಸ್ಪಷ್ಟ. ಆದರೆ ಅದಕ್ಕೆ ಕಂಪನಿಯದೇ ಫೈಲು, ಕಂಪನಿಯದೇ ತಂತ್ರಾಂಶ ಬೇಕಿತ್ತು. ಜನ ಹಂಚಿಕೊಂಡ ಚಿತ್ರಗಳು ಕಂಪನಿಯ ತಾಣದಲ್ಲೇ ಇದ್ದವು. 2017ರ ಕೊನೆಗೆ ಆ ತಾಣ ಮುಚ್ಚಿತು. 2018ರಲ್ಲಿ ಕಂಪನಿಯೂ ಬಾಗಿಲು ಹಾಕಿತು. ಇಲ್ಲಿ ಪದಾರ್ಥವೇ ವಿಚಿತ್ರವಾಗಿತ್ತು.

ಸಿಗ್ಮಾ ಇವೆರಡರ ನಡುವೆ ನಿಲ್ಲುತ್ತದೆ. ಅದರ ಪೂರ್ಣ ವಿವರದ ಫೈಲಿಗೆ ಎಕ್ಸ್3ಎಫ್ ಎಂಬ ಅದರದೇ ರೂಪವಿದೆ. ಮೆರಿಲ್‌ನ ಈ ಫೈಲುಗಳನ್ನು ಅಡೋಬಿಯಂಥ ಪ್ರಸಿದ್ಧ ಕಂಪನಿಯ ತಂತ್ರಾಂಶವೂ ತೆರೆಯುವುದಿಲ್ಲ. ಹೆಚ್ಚಾಗಿ ಸಿಗ್ಮಾ ಪುಕ್ಕಟೆಯಾಗಿ ಕೊಡುವ ತಂತ್ರಾಂಶವನ್ನೇ ಬಳಸಬೇಕಾಗುತ್ತದೆ. ಅದು ಆಮೆಯ ನಡಿಗೆಯದು. ಹಾಗಾಗಿ ಇದನ್ನು ಬಳಸುವವರು ಒಂದು ಶಿಸ್ತು ಪಾಲಿಸಬೇಕು. ಚೆನ್ನಾಗಿ ಬಂದ ಪ್ರತಿಯೊಂದು ಚಿತ್ರವನ್ನೂ ಆಯಾ ತಿಂಗಳೇ ಜೆಪೆಗ್ ಅಥವಾ ಟಿಫ್ ರೂಪಕ್ಕೆ ಬದಲಿಸಿ ಎರಡು ಕಡೆ ಇಡಬೇಕು. ಮೂಲ ಫೈಲು ಇರಲಿ. ಅದನ್ನೇ ನೆಚ್ಚಿಕೊಳ್ಳುವುದು ಬೇಡ. ಹಾಸ್ಟೆಲಿನ ಗೆಳೆಯರ, ಈಗ ಇಲ್ಲದ ಅಜ್ಜಿಯ ಮುಖ ಒಂದು ಕಂಪನಿಯ ತಂತ್ರಾಂಶದ ಹಂಗಿನಲ್ಲಿ ಇರಬಾರದು.

ಯಾರಿಗೆ ಸರಿ, ಯಾರಿಗೆ ಬೇಡ?

ವಾಸ್ತುಶಿಲ್ಪ, ಚಿತ್ರಕಲೆ, ಜವಳಿ ವಿನ್ಯಾಸ ಓದುವವರಿಗೆ. ಶಾಸನ, ಶಿಲ್ಪ, ಹಳೆಯ ಮನೆಗಳನ್ನು ದಾಖಲಿಸುವ ಹವ್ಯಾಸ ಇರುವವರಿಗೆ. ಫೋನ್ ಹೇಗೂ ಇದೆ, ಛಾಯಾಗ್ರಹಣವನ್ನು ನಿಧಾನವಾಗಿ ಕಲಿಯಬೇಕು ಎನ್ನುವವರಿಗೆ ಇಂಥ ಕ್ಯಾಮೆರಾ ಒಳ್ಳೆಯ ಗುರು. ಗುರು ಕಠಿಣ, ಆದರೆ ಕಲಿಸುವುದು ಗಟ್ಟಿ.

ಮನೆಗೆಲ್ಲ ಒಂದೇ ಕ್ಯಾಮೆರಾ ಸಾಕು ಎನ್ನುವವರಿಗೆ, ಮದುವೆ ಮುಂಜಿ ತೆಗೆಯಬೇಕು ಎನ್ನುವವರಿಗೆ, ಹಕ್ಕಿ, ಆಟೋಟ, ವಿಡಿಯೊ ಬೇಕು ಎನ್ನುವವರಿಗೆ ಇದು ಬೇಡ. ಗೆಳತಿಯ ಹತ್ತಿರ ಇದೆ ಎಂಬ ಕಾರಣಕ್ಕೆ ಬೇಕೆನ್ನುವವರಿಗೂ ಬೇಡ. ಅವರು ಒಂದು ಭಾನುವಾರದ ಮಟ್ಟಿಗೆ ಆ ಗೆಳತಿಯಿಂದಲೇ ಎರವಲು ತಂದು ನೋಡಲಿ. ಸಂಜೆಯ ಹೊತ್ತಿಗೆ ಆಸೆ ಹೆಚ್ಚಿರುತ್ತದೆ, ಇಲ್ಲವೇ ಇಳಿದಿರುತ್ತದೆ. ಎರಡೂ ಲಾಭವೇ.

ಮಕ್ಕಳನ್ನು ಹೀಗೆ ಕೇಳಿ: ‘ಈ ಕ್ಯಾಮೆರಾ ಉಳಿದವುಗಳಿಗಿಂತ ಚೆನ್ನಾಗಿ ಮಾಡುವ ಒಂದು ಕೆಲಸ ಯಾವುದು? ಆ ಕೆಲಸ ನೀನು ವಾರಕ್ಕೊಮ್ಮೆಯಾದರೂ ಮಾಡುತ್ತೀಯಾ?’ ಎರಡಕ್ಕೂ ಸರಿಯಾದ ಉತ್ತರ ಬಂದರೆ ಹಣ ಕೊಡಲು ಅಡ್ಡಿಯಿಲ್ಲ.

ಹಣ ಕೊಡುವ ಮುನ್ನ

* ಬ್ಯಾಟರಿ, ಚಾರ್ಜರ್ ಎರಡೂ ಇವೆಯೇ? ಹೊಸ ಬ್ಯಾಟರಿ ಈಗಲೂ ಸಿಗುತ್ತದೆಯೇ?

* ಯಾವ ಕಾರ್ಡ್? ಎಸ್‌ಡಿ ಆದರೆ ಚಿಂತೆಯಿಲ್ಲ. ಎಕ್ಸ್‌ಡಿ, ಸ್ಮಾರ್ಟ್ ಮೀಡಿಯಾದಂಥವು ತಯಾರಾಗುತ್ತಿಲ್ಲ, ಸಿಕ್ಕರೂ ದುಬಾರಿ.

* ಲೆನ್ಸಿಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರಬಲೆಯಂತೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲದ ತೇವದಲ್ಲಿ ಇದು ಬೇಗ ಹಬ್ಬುತ್ತದೆ. ಕೊಂಡ ಮೇಲೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

* ಬಿಳಿ ಹಾಳೆಯ ಚಿತ್ರ ತೆಗೆಯಿರಿ. ಕಪ್ಪು ಚುಕ್ಕಿ ಕಂಡರೆ ಸೆನ್ಸರಿನ ಮೇಲೆ ದೂಳು. ಲೆನ್ಸ್ ಬಿಚ್ಚಲಾಗದ ಕ್ಯಾಮೆರಾದಲ್ಲಿ ಅದನ್ನು ಮನೆಯಲ್ಲಿ ಒರೆಸಲಾಗದು.

* ಲೆನ್ಸ್ ಮುಚ್ಚಿ ಇನ್ನೊಂದು ಚಿತ್ರ ತೆಗೆಯಿರಿ. ಬಣ್ಣದ ಚುಕ್ಕಿಗಳು ಹೊಳೆದರೆ ಅಷ್ಟು ಚೌಕಗಳು ಕೆಟ್ಟಿವೆ.

* ಆ ಎರಡು ಫೈಲುಗಳನ್ನೂ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದಿದ್ದರೆ ವ್ಯಾಪಾರ ಬೇಡ.

* ಕೆಟ್ಟರೆ ರಿಪೇರಿ ಮಾಡುವವರು ನಿಮ್ಮ ಊರಿನಲ್ಲಿ ಇದ್ದಾರೆಯೇ? ಇಲ್ಲವೆಂದಾದರೆ, ಒಂದು ದಿನ ಅದು ನಿಂತುಹೋದಾಗ ಬೇಸರವಾಗದಷ್ಟೇ ಹಣ ಹಾಕಿ.

ಎಲ್ಲ ಕೆಲಸವನ್ನೂ ತಕ್ಕಮಟ್ಟಿಗೆ ಮಾಡುವ ಸಾಧನ ನಮ್ಮ ಜೇಬಿನಲ್ಲಿ ಈಗಾಗಲೇ ಇದೆ. ಎರಡನೆಯದನ್ನು ಕೊಳ್ಳುವುದಾದರೆ ಒಂದೇ ಕೆಲಸವನ್ನು ಚೆನ್ನಾಗಿ ಮಾಡುವಂಥದನ್ನು ಕೊಳ್ಳುವುದರಲ್ಲಿ ಅರ್ಥವಿದೆ. ಕ್ಯಾಮೆರಾ ಎಷ್ಟು ಬೇಕಾದರೂ ವಿಚಿತ್ರವಾಗಿರಲಿ. ಅದರಿಂದ ಬಂದ ಚಿತ್ರ ಮಾತ್ರ ಯಾರ ಮನೆಯಲ್ಲಾದರೂ, ಯಾವ ಕಾಲಕ್ಕಾದರೂ ತೆರೆಯುವಂತಿರಲಿ.